ಕೆಳಗಿನ ಮನೆಯ ಉಮಾಶಂಕರನ ಸೆಟ್ಟು

ಬೇರೆಯವರಿಗೆ ಹಾಡು ಕಿವಿಯಿಂದ ಬರುತ್ತದೆ. ನಾಲ್ಕೈದು ವರ್ಷ ಅದು ನನಗೆ ಅಂಗಾಲಿನಿಂದ ಬರುತ್ತಿತ್ತು. ಅದಕ್ಕೆ ಕಾರಣ ನಮ್ಮ ಕೆಳಗಿನ ಮನೆಯ ಉಮಾಶಂಕರ.

ಬೆಂಗಳೂರಿಗೆ ಹತ್ತಿರದ ವಿಜಯಪುರದಲ್ಲಿ ನಾವಿದ್ದದ್ದು ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಕೆಳಗೆ ಎರಡು ಮನೆ, ಮೇಲೆ ಎರಡು ಮನೆ. ಕಟ್ಟಿಸಿದ ಕಂಟ್ರಾಕ್ಟರ್ ಗೋಡೆಗೆ ಇಟ್ಟಿಗೆ ಇಟ್ಟಿದ್ದನೋ ಬಿಸ್ಕತ್ತು ಇಟ್ಟಿದ್ದನೋ ದೇವರೇ ಬಲ್ಲ. ಕೆಳಗೆ ಒಗ್ಗರಣೆ ಹಾಕಿದರೆ ಮೇಲೆ ನಾವು ಸೀನಬೇಕಿತ್ತು. ನಮ್ಮ ಯಜಮಾನರು ರೇಷ್ಮೆ ಇಲಾಖೆಯಲ್ಲಿದ್ದರು, ನಾನು ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಇಡೀ ದಿನ ಮಕ್ಕಳ ಗಲಾಟೆಯಲ್ಲಿ ಕೂತು ಬಂದವಳಿಗೆ ಸಂಜೆಯಾದರೂ ಸುಮ್ಮನಿರುವ ಮನೆ ಬೇಕು ಅನ್ನಿಸುವುದು ತಪ್ಪಾ?

ಉಮಾಶಂಕರನಿಗೆ ಗೂಡಿನ ಮಾರ್ಕೆಟ್ಟಿನಲ್ಲಿ ಕೆಲಸ. ರೈತರು ತಂದ ರೇಷ್ಮೆಗೂಡು ಹರಾಜಿಗೆ ಬರುವಾಗ ಮೈಕು ಹಿಡಿದು ಲಾಟ್ ನಂಬರು, ರೈತನ ಹೆಸರು, ಊರು ಕೂಗುವುದು ಅವನ ಪಾಲಿನದು. ಒಳ್ಳೆಯ ಕಂಠ. ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಅವನ ಮುಖ ನೋಡದವರೂ ದನಿ ಕೇಳಿ ಗುರುತು ಹಿಡಿಯುತ್ತಿದ್ದರು. ಮನೆಗೆ ಬಂದ ಮೇಲಾದರೂ ಬಾಯಿಗೆ ರಜೆ ಕೊಡುತ್ತಾನಾ ಅಂದರೆ ಅದೂ ಇಲ್ಲ, ಟೇಪ್ ರೆಕಾರ್ಡರ್ ಜೊತೆ ತಾನೂ ಹಾಡುವನು. ಅವನಿಗೆ ಬರದ ಹಾಡೇ ಇರಲಿಲ್ಲ. ಯಾವುದಾದರೂ ಹಾಡಿನ ಆರಂಭದ ವಾದ್ಯ ಒಂದು ಗಳಿಗೆ ಕೇಳಿಸಿದರೆ ಸಾಕು, ಇದು ಇಂಥದ್ದು ಎಂದು ಹೇಳಿಬಿಡುತ್ತಿದ್ದ.

ಎಂಬತ್ತೆಂಟರ ಕೊನೆಯಲ್ಲಿ ಅವನ ಹೆಂಡತಿ ಅನಸೂಯಳಿಗೆ ಹೆಣ್ಣುಮಗು ಆಯಿತು. ಅಕ್ಷತ ಎಂದು ಹೆಸರಿಟ್ಟರು. ಮಗುವನ್ನು ಮಲಗಿಸಲು ಅಂತ ಆಗ ಒಂದು ಟೂ-ಇನ್-ವನ್ ತಂದ, ರೇಡಿಯೋ ಮತ್ತು ಟೇಪು ಒಂದರಲ್ಲೇ ಇರುವಂಥದ್ದು. ತೊಟ್ಟಿಲ ಪಕ್ಕದಲ್ಲೇ ಸ್ಟೂಲಿನ ಮೇಲೆ ಅದು. ನಾನು ಗುಂಡುಕಲ್ಲು ತೆಗೆದುಕೊಂಡು ನೆಲಕ್ಕೆ ಕುಟ್ಟಿದರೆ ‘ಕಮ್ಮಿ ಮಾಡು’ ಎಂದು ಅರ್ಥ. ಅವನು ಕಮ್ಮಿ ಮಾಡುವನು. ಸ್ವಲ್ಪ ಹೊತ್ತಿಗೆ ಮತ್ತೆ ಹೆಚ್ಚಾಗುವುದು. ಹೀಗೆ ನಮ್ಮ ಸಂಸಾರ ನಡೆಯುತ್ತಿತ್ತು.

ಮಗುವಿಗೆ ಒಂದೂವರೆ ವರ್ಷ ಆಗಿರಬೇಕು. ಒಂದು ದಿನ ನಾನು ನೀರು ತರುವಾಗ ತುಂಬಿದ ಸ್ಟೀಲ್ ಬಿಂದಿಗೆ ಕೈ ಜಾರಿ ಮೆಟ್ಟಿಲ ಮೇಲೆ ಬಿತ್ತು. ಒಂದೊಂದು ಮೆಟ್ಟಿಲಿಗೂ ಒಂದೊಂದು ಸಲ ಬಡಿದುಕೊಂಡು ಕೆಳಗಿನವರೆಗೂ ಉರುಳಿತು. ಎದುರುಮನೆ ನಾಯಿ ಎದ್ದು ಓಡಿತು. ಮೆಟ್ಟಿಲ ಬುಡದಲ್ಲಿ ನಮಗೆ ಬೆನ್ನು ಮಾಡಿ ಕೂತು ಮಣ್ಣು ಕೆದಕುತ್ತಿದ್ದ ಅಕ್ಷತ ಮಾತ್ರ ತಿರುಗಿಯೂ ನೋಡಲಿಲ್ಲ. ನೀರು ಹರಿದು ಬಂದು ಅವಳ ಕಾಲಿಗೆ ತಾಕಿದಾಗಷ್ಟೇ ಬೆಚ್ಚಿ ಎದ್ದಳು. ಬಾಗಿಲಲ್ಲಿ ನಿಂತಿದ್ದ ಅನಸೂಯ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಬೆಂಗಳೂರಿನ ದೊಡ್ಡ ಡಾಕ್ಟರ ಹತ್ತಿರ ಹೋದರು. ನರದಲ್ಲೇ ದೋಷ, ಕೇಳಿಸುವುದಿಲ್ಲ ಎಂದರಂತೆ. ಎದೆಗೆ ಡಬ್ಬಿ ಕಟ್ಟಿ ಕಿವಿಗೆ ವೈರು ಹಾಕುವ ಮಿಷನ್ನು ಕೊಟ್ಟು ನೋಡಿದರು. ಮಗು ಕಿತ್ತು ಬಿಸಾಕಿತು. ಹೊರಡುವಾಗ ಡಾಕ್ಟರು ಸಮಾಧಾನಕ್ಕೋ ಏನೋ ಒಂದು ಮಾತು ಸೇರಿಸಿದ್ದರು. ತೀರಾ ಗಟ್ಟಿ ಶಬ್ದವಾದರೆ ಅಲ್ಪಸ್ವಲ್ಪ ಕೇಳಿಸಿದರೂ ಕೇಳಿಸಬಹುದು ಎಂದು. ಮಿಕ್ಕಿದ್ದನ್ನೆಲ್ಲ ಅಲ್ಲೇ ಬಿಟ್ಟು ಉಮಾಶಂಕರ ಆ ಒಂದು ಮಾತನ್ನು ಗಂಟು ಕಟ್ಟಿಕೊಂಡು ಬಂದ.

“ಬಾಯಲ್ಲಿ ಕೂಗಿದ್ರೆ ಸಾಕಾಗಲ್ಲ ಮೇಷ್ಟ್ರಮ್ಮ,” ಅಂದ ನನಗೆ. ನನ್ನನ್ನು ಅವನು ಹಾಗೇ ಕರೆಯುತ್ತಿದ್ದದ್ದು. “ಪವರ್ ಬೇಕು. ಈ ಡಬ್ಬಾ ಟೇಪಲ್ಲಿ ಏನೂ ಆಗಲ್ಲ. ಶಬ್ದ ಸರಿಯಾಗಿ ಬಂದ್ರೆ ನನ್ ಮಗಳಿಗೆ ಕೇಳಿಸ್ತೈತೆ, ನೋಡ್ತಾ ಇರಿ.”

ಅಲ್ಲಿಂದ ಶುರುವಾಯಿತು. ರಜೆ ಬಂದರೆ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿನ ರೇಡಿಯೋ ಸಾಮಾನಿನ ಅಂಗಡಿಗಳಿಗೆ ಹೋಗುವನು. ಒಂದು ಸಲ ಒಂದು ಆಂಪ್ಲಿಫೈಯರ್ ಬಂತು, ಇನ್ನೊಂದು ಸಲ ಎರಡು ಸ್ಪೀಕರ್. ಡಬ್ಬಿ ಮಾಡಿಸುವುದಕ್ಕಿಂತ ಮಡಕೆಯೊಳಗೆ ಇಟ್ಟರೆ ದನಿ ತುಂಬಿ ಬರುತ್ತದೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಅವನ ತಾಯಿ ಮುನಿವೆಂಕಟಮ್ಮನವರು ಇದ್ದದ್ದು ಬೂದಿಗೆರೆಯಲ್ಲಿ. ಅಲ್ಲಿ ಕುಂಬಾರ ಪಿಳ್ಳಣ್ಣನ ಹತ್ತಿರ ಎರಡು ದಪ್ಪ ಮಡಕೆ ಹೇಳಿ ಮಾಡಿಸಿ, ಬಸ್ಸಿನಲ್ಲಿ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ತಂದ. ಸ್ಪೀಕರುಗಳನ್ನು ಮಡಕೆಗಳ ಬಾಯಿಗೆ ಕೂರಿಸಿ ನೆಲದ ಮೇಲೆ ಇಟ್ಟು ಹಾಡು ಹಾಕಿದ. ಮೇಲೆ ನಮ್ಮ ಗೋಡೆಗೂಡಿನಲ್ಲಿದ್ದ ಲೋಟಗಳೆಲ್ಲ ಗಿಣಿಗಿಣಿ ಅಂದವು.

ನಾನು ಗುಂಡುಕಲ್ಲು ಬಿಟ್ಟು ನಾನೇ ಇಳಿದು ಹೋದೆ. “ಏನಯ್ಯಾ, ಮನೇಲಿ ಜನ ಇರೋದು ಬೇಡ್ವಾ? ನೆಲ ಅದುರುತ್ತೆ, ಮೊದಲು ಅದನ್ನ ನೆಲದಿಂದ ಎತ್ತು” ಎಂದೆ.

ಪುಣ್ಯಾತ್ಮ ಹೇಳಿದ ಮಾತು ಕೇಳಿದ. ಮಡಕೆಗಳನ್ನು ನೆಲದಿಂದ ಎತ್ತಿ, ತೊಟ್ಟಿಲು ಕಟ್ಟಲೆಂದು ತಾರಸಿಗೆ ಬಿಟ್ಟಿದ್ದ ಎರಡು ಕೊಕ್ಕೆಗಳಿಗೆ ನೆಲುವಿನ ಹಗ್ಗದಲ್ಲಿ ನೇತುಹಾಕಿದ. ಅವನ ತಾರಸಿ ಅಂದರೆ ನನ್ನ ನೆಲ. ಅವತ್ತಿನಿಂದ ಹಾಡು ನೇರವಾಗಿ ನನ್ನ ಅಂಗಾಲಿಗೇ ಬರತೊಡಗಿತು. ಬೈಯಲು ಮತ್ತೆ ಕೆಳಗೆ ಹೋದವಳು ಮಗುವನ್ನು ನೋಡಿ ಸುಮ್ಮನೆ ವಾಪಸು ಬಂದೆ. ಅಷ್ಟು ಶಬ್ದದಲ್ಲೂ ಅದು ಚಾಪೆಯ ಮೇಲೆ ಅಂಗಾತ ಮಲಗಿ ತನ್ನ ಕಾಲ್ಬೆರಳು ಹಿಡಿದುಕೊಂಡು ಆಡುತ್ತಿತ್ತು. ಉಮಾಶಂಕರ ಅದರ ಮುಖ ನೋಡುತ್ತಾ ನಿಂತಿದ್ದ.

ತೊಂಬತ್ತೆರಡರ ಯುಗಾದಿ ಆದಮೇಲೆ ಹೊಸ ಆಂಪ್ಲಿಫೈಯರ್ ತಂದ. ಹಳೆಯದಕ್ಕಿಂತ ದೊಡ್ಡದು. ಮುಂದುಗಡೆ ಸಾಲಾಗಿ ಸಣ್ಣ ಸಣ್ಣ ದೀಪಗಳು. ಹಾಡು ಏರಿದರೆ ಹಸಿರಿನಿಂದ ಕೆಂಪಿನವರೆಗೆ ಓಡುತ್ತಿದ್ದವು, ಇಳಿದರೆ ಹಿಂದಕ್ಕೆ ಬರುತ್ತಿದ್ದವು. ಸಂಜೆ ಜೋಡಿಸಿ ಮುಗಿಸಿ ಹಾಡು ಹಾಕಿದ. ಸ್ವಲ್ಪ ಹೊತ್ತಿಗೆ ಅವನು ಕೂಗಿದ್ದು ಮೈಕಿಲ್ಲದೆಯೂ ಮಾರ್ಕೆಟ್ಟಿಗೆ ಕೇಳಿಸಿರಬೇಕು.

“ಮೇಷ್ಟ್ರಮ್ಮಾ! ಬೇಗ ಬನ್ನಿ! ಕೇಳಿಸ್ತೈತೆ ಇವಳಿಗೆ!”

ಏನು ಅನಾಹುತವೋ ಎಂದು ಓಡಿದೆ. ಮಗು ಸೆಟ್ಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಚಪ್ಪಾಳೆ ತಟ್ಟುತ್ತಿತ್ತು. ಸುಮ್ಮನೆ ತಟ್ಟುವುದಲ್ಲ, ಹಾಡಿನ ತಾಳಕ್ಕೆ ಸರಿಯಾಗಿ. ತಬಲದ ಪೆಟ್ಟು ಬಿದ್ದಾಗ ಕೈ ಸೇರುತ್ತಿತ್ತು. ಹಾಡು ನಿಂತಾಗ ಕೈಯೂ ನಿಂತಿತು. ಇನ್ನೊಂದು ಹಾಡು ಶುರುವಾದಾಗ ಮತ್ತೆ ತಟ್ಟಿತು. ನನ್ನ ಕಣ್ಣಲ್ಲಿ ನೀರು ಬಂತು. ಉಮಾಶಂಕರ ಮಗುವನ್ನು ಎತ್ತಿಕೊಂಡು ಮುದ್ದಾಡಿ, ಮತ್ತೆ ಕೂರಿಸಿ, ಮತ್ತೆ ಎತ್ತಿಕೊಂಡ. ಮರುದಿನ ಇಡೀ ಮಾರ್ಕೆಟ್ಟಿಗೆ ಮೈಸೂರುಪಾಕು ಹಂಚಿದ. ನನ್ನ ಗುಂಡುಕಲ್ಲಿಗೆ ಅವತ್ತಿನಿಂದ ಬರೀ ಅಡುಗೆಮನೆಯ ಕೆಲಸ. ಒಂದು ಮಗುವಿಗೆ ಕಿವಿ ಬರುತ್ತದೆ ಅಂದರೆ ನನ್ನ ಲೋಟಗಳು ಗಿಣಿಗಿಣಿ ಅಂದುಕೊಳ್ಳಲಿ ಬಿಡಿ.

ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಮಾರನೆಯ ವರ್ಷ ಈಕ್ವಲೈಸರ್ ಎಂಬ ಇನ್ನೊಂದು ಪೆಟ್ಟಿಗೆ ಬಂತು. ಅದರ ತುಂಬ ದೀಪದ ಕಂಬಗಳು, ಹಾಡಿನ ಜೊತೆ ಎದ್ದು ಕೂತು ಕುಣಿಯುವಂಥವು. ಅದು ಬಂದಮೇಲೆ ಮಗು ಇನ್ನೂ ಚೆನ್ನಾಗಿ ತಟ್ಟತೊಡಗಿತು. ಅದರ ಮುಂದಿನ ವರ್ಷ ಪ್ಲೈವುಡ್ ಡಬ್ಬಿಯಲ್ಲಿ ವೂಫರ್ ಬಂತು, ಮಡಕೆಗಳ ಸ್ಪೀಕರುಗಳೂ ಬದಲಾದವು. “ಒಂದೊಂದು ಸಾಮಾನು ಬಂದಂಗೂ ಒಂದೊಂದು ಸುತ್ತು ಕಿವಿ ತೆರೀತಾ ಐತೆ. ನಾಳೆ ನಾನು ಕರೆದ್ರೂ ತಿರುಗ್ತಾಳೆ” ಎನ್ನುವನು. ಅನಸೂಯ ಒಂದು ಹಳೆಯ ಸೀರೆಯನ್ನು ಎಷ್ಟು ವರ್ಷ ಉಟ್ಟಳು ಎಂದು ನನಗೆ ಗೊತ್ತು. ಅವಳು ಒಂದು ದಿನವೂ ಅದಕ್ಕೆ ತಕರಾರು ತೆಗೆಯಲಿಲ್ಲ.

ಅವಳ ತಕರಾರು ಬೇರೆ ಇತ್ತು. ಬೆಂಗಳೂರಿನಲ್ಲಿ ಕಿವಿ ಕೇಳದ ಮಕ್ಕಳಿಗೆ ಹಾಸ್ಟೆಲ್ ಇರುವ ಒಂದು ಸ್ಕೂಲು ಇದೆ ಎಂದು ಯಾರೋ ಹೇಳಿದ್ದರು. ನಾನೇ ಅವಳ ಜೊತೆ ಹೋಗಿ ನೋಡಿ ಬಂದೆ. ಅಲ್ಲಿನ ಟೀಚರು, “ಇಷ್ಟು ಹೊತ್ತಿಗೆ ಇಲ್ಲಿ ಎರಡು ವರ್ಷ ಕಲಿತಿರಬೇಕಿತ್ತು. ತಡ ಮಾಡಿದಷ್ಟೂ ಮಗುಗೇ ಕಷ್ಟ” ಎಂದರು. ಅಂಗಳದಲ್ಲಿ ಮಕ್ಕಳು ಕೈಯಲ್ಲಿ ಮಾತಾಡಿಕೊಂಡು ನಗುತ್ತಿದ್ದವು. ಅಕ್ಷತಳಿಗೆ ಆಗ ಐದು ತುಂಬಿತ್ತು. ಹಸಿವು ಅಂದರೆ ಹೊಟ್ಟೆ ತೋರಿಸುವುದು, ಬೇಡ ಅಂದರೆ ತಲೆ ಆಡಿಸುವುದು, ಅಷ್ಟು ಬಿಟ್ಟರೆ ಅವಳಿಗೆ ಮಾತೇ ಇರಲಿಲ್ಲ. ಅನಸೂಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಉಮಾಶಂಕರ ಎಗರಿಬಿದ್ದ. “ಕೇಳಿಸೋ ಮಗೂನ ತಗೊಂಡೋಗಿ ಕಿವುಡ್ರ ಸ್ಕೂಲಿಗೆ ಹಾಕ್ಲಾ? ಹಾಡಿಗೆ ತಾಳ ಹಾಕ್ತಾಳೆ, ನಿಮ್ ಕಣ್ಣಿಗೆ ಕಾಣಲ್ವಾ? ಅಲ್ಲಿಗೆ ಹೋದ್ರೆ ಬಂದಿರೋ ಕಿವೀನೂ ಹೋಯ್ತದೆ.”

ನಾನೂ ಸ್ಕೂಲಿನ ಮಾತು ಅಲ್ಲಿಗೇ ಬಿಟ್ಟೆ. ಆ ತಾಳವನ್ನು ನಾನೂ ಕಣ್ಣಾರೆ ಕಂಡಿದ್ದೆನಲ್ಲ. ಹೀಗೇ ಇನ್ನೊಂದು ವರ್ಷ ಹೋಯಿತು, ಮೇಲೆ ಇನ್ನಷ್ಟು ತಿಂಗಳು.

ತೊಂಬತ್ತೈದರ ಆಯುಧಪೂಜೆ. ಮುನಿವೆಂಕಟಮ್ಮನವರು ಬೂದಿಗೆರೆಯಿಂದ ಬಂದಿದ್ದರು. ಮೊಮ್ಮಗಳು ಹಾಡಿಗೆ ತಾಳ ಹಾಕುವುದನ್ನು ಅವರು ನೋಡಿರಲಿಲ್ಲ. ಅವತ್ತು ತಾಯಿಗೆ ಅದನ್ನು ತೋರಿಸಬೇಕು ಎಂದು ಉಮಾಶಂಕರನಿಗೆ ಬೆಳಗಿನಿಂದಲೂ ತವಕ. ಸೈಕಲ್ಲು, ಹೊಲಿಗೆ ಮಿಷನ್ನು ಎಲ್ಲದಕ್ಕೂ ಪೂಜೆಯಾಯಿತು. ಕೊನೆಗೆ ಸೆಟ್ಟಿನ ಸರದಿ. ಪ್ರತಿವರ್ಷ ಮಡಕೆಗಳಿಗೆ ಹಾರ ಹಾಕಿ, ಪೆಟ್ಟಿಗೆಗಳ ನೆತ್ತಿಯ ಮೇಲೆ ವಿಭೂತಿ ಪಟ್ಟೆ ಬಳಿದು ಕುಂಕುಮ ಇಡುತ್ತಿದ್ದರು. ಆ ವರ್ಷ ಅನಸೂಯ ಚೆಂಡುಹೂವಿನ ಎರಡು ದಪ್ಪ ಹಾರಗಳನ್ನು ತಂದು ಪೆಟ್ಟಿಗೆಗಳ ಮುಂಭಾಗಕ್ಕೆ ಇಳಿಬಿಟ್ಟಳು. ಚೆನ್ನಾಗಿ ಕಾಣುತ್ತಿತ್ತು. ಮಂಗಳಾರತಿ ಮಾಡಿದರು, ಬೂದುಗುಂಬಳ ಒಡೆದರು, ಪುರಿ ಕಡಲೆ ಹಂಚಿದರು. ಉಮಾಶಂಕರ ಕೈಮುಗಿದು ಸ್ವಿಚ್ ಹಾಕಿದ.

“ನೋಡ್ತಾ ಇರು ಅಮ್ಮಾ, ನಿನ್ ಮೊಮ್ಮಗಳ್ನ” ಅಂದ.

ಅವಳಿಗೆ ಬಹಳ ಇಷ್ಟ ಎಂದು ಅವನು ಹೇಳುತ್ತಿದ್ದ ಹಾಡನ್ನೇ ಹಾಕಿದ್ದ. ಮಡಕೆಗಳು ಗುಡುಗಿದವು, ನನ್ನ ಎದೆಯೊಳಗೂ ಬಡಿಯಿತು. ಅಕ್ಷತ ಹೊಸ ಲಂಗ ಹಾಕಿಕೊಂಡು ಯಾವಾಗಲೂ ಕೂರುವ ಜಾಗದಲ್ಲಿ ಕೂತಿದ್ದಳು. ಕೈಗಳು ತೊಡೆಯ ಮೇಲೇ ಇದ್ದವು. ಸೆಟ್ಟನ್ನೇ ನೋಡಿದಳು. ತಲೆಯನ್ನು ಈ ಕಡೆ ಬಾಗಿಸಿದಳು, ಆ ಕಡೆ ಬಾಗಿಸಿದಳು. ಮುಂದಕ್ಕೆ ಸರಿದು ಹಾರಕ್ಕೆ ಕೈ ಹಾಕಲು ಹೋದಳು. ಮುನಿವೆಂಕಟಮ್ಮನವರು, “ಪೂಜೆ ಹೂವ ಮುಟ್ಬಾರ್ದು ಕಂದಾ” ಎಂದು ಹಿಡಿದು ಹಿಂದಕ್ಕೆ ಕೂರಿಸಿದರು. ಹಾಡು ಪಲ್ಲವಿ ಮುಗಿಸಿ ಚರಣಕ್ಕೆ ಬಂದಿತ್ತು. ಉಮಾಶಂಕರ ವಾಲ್ಯೂಮ್ ಇನ್ನೂ ತಿರುಗಿಸಿದ. ಅವಳು ಅಲುಗಾಡಲಿಲ್ಲ.

ಆಗ ಅವಳು ತಿರುಗಿ ಅಪ್ಪನ ಮುಖ ನೋಡಿದಳು. ಅವನ ಮುಖದಲ್ಲಿ ಏನಿತ್ತು ಎಂದು ನಾನು ಹೇಳಲಾರೆ, ನನಗೇ ನೋಡಲಾಗಲಿಲ್ಲ. ಆ ಮಗು ಅದನ್ನು ನೋಡಿತು. ನೋಡಿ, ಮೆಲ್ಲಗೆ ಎರಡು ಕೈ ಎತ್ತಿ ಚಪ್ಪಾಳೆ ತಟ್ಟತೊಡಗಿತು. ತಾಳ ಇರಲಿಲ್ಲ. ತಬಲ ಒಂದು ಕಡೆ, ಅವಳ ಕೈ ಇನ್ನೊಂದು ಕಡೆ. ಕಣ್ಣು ಸೆಟ್ಟಿನ ಮೇಲಿರಲಿಲ್ಲ, ಅಪ್ಪನ ಮೇಲೆ ನೆಟ್ಟಿತ್ತು. ಹೀಗೆ ಸರಿಯಾ, ಇನ್ನೂ ಜೋರಾಗಿ ತಟ್ಟಲಾ ಎಂದು ಕೇಳುವ ಹಾಗೆ ಬಲವಾಗಿ ತಟ್ಟಿದಳು. ಹಾಡು ಮುಗಿಯಿತು. ಟೇಪು ಸುಮ್ಮನೆ ಸುಯ್ಯೆನ್ನುತ್ತಾ ಓಡುತ್ತಿತ್ತು. ಅವಳು ತಟ್ಟುತ್ತಲೇ ಇದ್ದಳು.

ಅನಸೂಯ ಹೋಗಿ ಅವಳ ಎರಡು ಕೈಗಳನ್ನೂ ಹಿಡಿದು ನಿಲ್ಲಿಸಿದಳು.

ಉಮಾಶಂಕರ ಎದ್ದ. ಹಾರಗಳನ್ನು ಪಕ್ಕಕ್ಕೆ ಸರಿಸಿದ. ಟೇಪು ಹಿಂದಕ್ಕೆ ಓಡಿಸಿ ಅದೇ ಹಾಡನ್ನು ಮತ್ತೆ ಹಾಕಿದ. ದೀಪಗಳು ಎದ್ದು ಕುಣಿದವು. ಅಕ್ಷತ ನಕ್ಕಳು. ಅವಳ ಕೈ ತಾನಾಗಿಯೇ ತಾಳಕ್ಕೆ ಬಿತ್ತು, ಒಂದು ಪೆಟ್ಟೂ ತಪ್ಪಲಿಲ್ಲ. ಅವನು ಹಾರಗಳನ್ನು ಮತ್ತೆ ದೀಪಗಳಿಗೆ ಅಡ್ಡ ಎಳೆದ. ಕೈ ನಿಂತಿತು. ಉಮಾಶಂಕರ ಮೊಣಕಾಲೂರಿ ಅಲ್ಲೇ ಕೂತುಬಿಟ್ಟ. ಮುನಿವೆಂಕಟಮ್ಮನವರು ಏನೂ ತಿಳಿಯದೆ, “ಏನಾಯ್ತ್ಲಾ? ಚೆಂದಾಗಿ ತಟ್ತಾಳಲ್ಲ” ಎಂದರು. ಅವನು ಕೈ ಚಾಚಿ ಸ್ವಿಚ್ ಆರಿಸಿದ.

ಎರಡು ದಿನ ಬಿಟ್ಟು ಅನಸೂಯ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತಳು.

“ಬೇಕಂತ್ಲೇ ಹಾಕ್ದೆ ಅಕ್ಕ ಹಾರಾನ,” ಅಂದಳು. “ಹೋದ ಮಳೆಗಾಲದಲ್ಲಿ ಒಂದಿನ ಒದ್ದೆ ಬಟ್ಟೆ ಆ ಪೆಟ್ಗೆ ಮುಂದೆ ಹರವಿದ್ದೆ. ಹಾಡು ಬರ್ತಾನೇ ಇತ್ತು, ಇವ್ಳು ತಟ್ಟೋದು ನಿಲ್ಲಿಸ್ಬಿಟ್ಟು ಬಟ್ಟೆ ಎಳೀತಿದ್ಲು. ಆಗ್ಲೇ ಗೊತ್ತಾಯ್ತು ನಂಗೆ. ಹೇಳೋಣ ಅಂತ ಎಷ್ಟು ಸಲ ಹೋದೆ. ಅವ್ರು ಖುಷಿಯಾಗಿ ಕೂತಿರೋದು ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ. ಇತ್ಲಾಗೆ ಮಗೂಗೆ ವಯಸ್ಸು ಹೋಗ್ತಾ ಇದೆ. ಇನ್ನೇನು ಮಾಡ್ಲಿ? ಅವ್ರೇ ನೋಡ್ಲಿ ಅಂತ ಮಾಡ್ದೆ. ಹಬ್ಬದ ದಿನ, ಅತ್ತೆ ಮುಂದೆ... ನಾನೇ ಕೈಯಾರೆ ಮಾಡ್ಬಿಟ್ನಲ್ಲಕ್ಕ.”

ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ಅವಳು ಮಾಡಿದ್ದು ಸರಿ. ಅಷ್ಟು ಸರಿಯಾದ ಕೆಲಸ ಇಷ್ಟು ನೋಯಿಸುತ್ತದಲ್ಲ ಎಂದು ದೇವರ ಮೇಲೆ ಸಿಟ್ಟು ಬಂತು.

ಉಮಾಶಂಕರ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರ್ಕೆಟ್ಟಿನಲ್ಲಿ ಮೈಕು ಬೇಡ ಎಂದು ಕೇಳಿಕೊಂಡು ಗೂಡು ತೂಕ ಮಾಡುವ ಕಡೆಗೆ ಹೋದ. ಮುಂದಿನ ಜೂನಿನಲ್ಲಿ ಮಗಳ ಟ್ರಂಕು ಹೊತ್ತುಕೊಂಡು ಬೆಂಗಳೂರಿನ ಸ್ಕೂಲಿಗೆ ಬಿಟ್ಟುಬಂದ. ಆಮೇಲೆ ಅನಸೂಯ ಆಗಾಗ ಹೋಗಿ ಮಗಳನ್ನು ನೋಡಿಕೊಂಡು, ಟೀಚರ ಹತ್ತಿರ ಕೈಮಾತು ಕಲಿತು ಬರುತ್ತಿದ್ದಳು. ನೀರು ಸೇದುವಾಗ, ಅಕ್ಕಿ ಆರಿಸುವಾಗ ಒಬ್ಬಳೇ ಬೆರಳು ಆಡಿಸಿ ಅಭ್ಯಾಸ ಮಾಡುವಳು. ಅವನಿಗೂ ಹೇಳಿಕೊಡಲು ನೋಡಿದಳು. “ನಂಗೆ ಬರಲ್ಲ ಬಿಡು” ಎಂದು ಎದ್ದು ಹೋಗುತ್ತಿದ್ದ. ಕೈಮಾತು ಕಲಿತರೆ ಅವನು ಮಗಳಿಗೆ ಎಂದಾದರೂ ಕೇಳಿಸೀತು ಎಂದು ಕಾಯುವುದನ್ನು ನಿಲ್ಲಿಸಿದ ಹಾಗೆ. ಅದು ನನಗೆ ಅರ್ಥವಾಗುತ್ತಿತ್ತು.

ನನ್ನ ಕಾಲ ಕೆಳಗೆ ಈಗ ಹಾಡು ಇರಲಿಲ್ಲ. ಅಷ್ಟು ವರ್ಷ ಬೇಡಿಕೊಂಡ ಮೌನ ಬಂದಿತ್ತು, ಬಂದಮೇಲೆ ನನಗೇ ತಡೆಯಲಾಗಲಿಲ್ಲ. ಒಂದು ಸಂಜೆ ಗುಂಡುಕಲ್ಲು ತೆಗೆದುಕೊಂಡು ನಾನೇ ನೆಲ ಕುಟ್ಟಿದೆ, ಒಂದು ಹಾಡು ಹಾಕಯ್ಯ ಎಂದು. ಅವನಿಗೆ ಅದು ಹೇಗೆ ತಿಳಿಯಬೇಕು? ಅಷ್ಟು ವರ್ಷ ಆ ಸದ್ದಿಗೆ ‘ಕಮ್ಮಿ ಮಾಡು’ ಅಂತಲೇ ಅರ್ಥ. ಕೆಳಗೆ ಪಾತ್ರೆ ತೊಳೆಯುವ ಸದ್ದೂ ನಿಂತುಹೋಯಿತು.

ದಸರಾ ರಜಕ್ಕೆ ಅಕ್ಷತ ಮನೆಗೆ ಬಂದಳು. ಹಬ್ಬದ ಮಾರನೆಯ ದಿನ ಒಂದು ಡಬ್ಬಿ ರವೆಉಂಡೆ ತೆಗೆದುಕೊಂಡು ನಾನು ಕೆಳಗೆ ಹೋದೆ. ಬಾಗಿಲು ತೆರೆದೇ ಇತ್ತು. ಕೊಕ್ಕೆಗಳಲ್ಲಿ ಮಡಕೆ ಇರಲಿಲ್ಲ. ಒಂದರಲ್ಲಿ ಅನಸೂಯ ಹುಣಸೆಹಣ್ಣು ತುಂಬಿಟ್ಟಿದ್ದಳು, ಇನ್ನೊಂದು ಅಟ್ಟ ಸೇರಿತ್ತು. ಪೆಟ್ಟಿಗೆಗಳು ಮಾತ್ರ ಇದ್ದ ಜಾಗದಲ್ಲೇ ಇದ್ದವು. ಅಕ್ಷತ ಅವುಗಳ ಮುಂದೆ ಕೂತಿದ್ದಳು, ಉಮಾಶಂಕರ ಅವಳ ಪಕ್ಕ ಕೂತಿದ್ದ. ಟೇಪು ತಿರುಗುತ್ತಿತ್ತು. ದೀಪಗಳು ಏಳುತ್ತಿದ್ದವು, ಬೀಳುತ್ತಿದ್ದವು. ಮನೆಯಲ್ಲಿ ಒಂದು ಚೂರು ಶಬ್ದ ಇರಲಿಲ್ಲ. ಅವಳ ಚಪ್ಪಾಳೆ ಒಂದೇ.

“ಸ್ಪೀಕರ್ ವೈರ್ ತೆಗೆದುಬಿಟ್ಟೆ ಮೇಷ್ಟ್ರಮ್ಮ,” ಅಂದ ಅವನು. “ಅವ್ಳಿಗೆ ದೀಪ ನೋಡ್ಬೇಕಂತೆ. ಬಂದಾಗಿಂದ ಇದನ್ನೇ ತೋರಿಸ್ತಾ ಇದ್ಲು.”

“ಯಾವ ಹಾಡಯ್ಯ ಇದು?” ಎಂದೆ. ಏನಾದರೂ ಕೇಳಬೇಕಿತ್ತು, ಕೇಳಿದೆ.

“ಗೊತ್ತಿಲ್ಲ. ಕೈಗೆ ಸಿಕ್ಕಿದ್ ಕ್ಯಾಸೆಟ್ ಹಾಕ್ದೆ.”

ಅಕ್ಷತ ತಟ್ಟುವುದನ್ನು ನಿಲ್ಲಿಸಿ ಅಪ್ಪನ ಕಡೆ ತಿರುಗಿ ಬೆರಳುಗಳಲ್ಲಿ ಏನೋ ಕೇಳಿದಳು. ಚುರುಕಾಗಿ, ಚಂದವಾಗಿ. ಅವನಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಕೇಳಿದಳು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ. “ಏನಂತೆ?”

“ನೀವ್ಯಾಕೆ ತಟ್ತಿಲ್ಲ ಅಂತ ಕೇಳ್ತಾಳೆ.”

ಅವನು ಕೈ ಎತ್ತಿ ತಟ್ಟತೊಡಗಿದ. ಎಲ್ಲ ಹಾಡೂ ಬರುತ್ತಿದ್ದವನು ಆ ಹಾಡಿಗೆ ತಾಳ ತಪ್ಪಿ ತಟ್ಟಿದ. ಕಣ್ಣು ದೀಪದ ಮೇಲಿದ್ದರೆ ತಾನೇ ತಾಳ ಸಿಗುವುದು, ಅವನು ಮಗಳ ಮುಖವನ್ನೇ ನೋಡುತ್ತಿದ್ದ. ಅವಳು ನಕ್ಕಳು. ಅದನ್ನು ನೋಡಿ ಇನ್ನೂ ಜೋರಾಗಿ ತಟ್ಟಿದ. ಹಾಡು ಮುಗಿದಿರಬೇಕು, ದೀಪಗಳೆಲ್ಲ ಒಟ್ಟಿಗೆ ಕೆಳಗಿಳಿದು ಆರಿದವು. ಅಕ್ಷತ ಕೈ ಮಡಿಲಿಗೆ ಇಟ್ಟುಕೊಂಡಳು. ಅವನು ತಟ್ಟುತ್ತಲೇ ಇದ್ದ.

ಅವಳೇ ಹತ್ತಿರ ಸರಿದು ಅಪ್ಪನ ಎರಡು ಕೈಗಳನ್ನೂ ಹಿಡಿದು ನಿಲ್ಲಿಸಿದಳು.